ಸ್ಟ್ಯಾಂಡಮ್ಮ ಓಣಿ ಬಿಡದ ದಿನ

ಸ್ಟ್ಯಾಂಡಮ್ಮ ಸಿನಿಮಾ ನೋಡಿದ್ದು ಕಡಿಮೆ. ಸಿನಿಮಾ ಅರ್ಧಕ್ಕೇ ಬಿಟ್ಟು ಎದ್ದು ಬಂದವರ ಮುಖ ನೋಡಿದ್ದೇ ಹೆಚ್ಚು. ಥಿಯೇಟರಿನ ಪಕ್ಕದ ಅಂಗಳದಲ್ಲಿ ಜನರ ಸೈಕಲ್ಲು, ಸ್ಕೂಟರುಗಳನ್ನು ನಿಲ್ಲಿಸಿಕೊಂಡು ಟೋಕನ್ ಕೊಡುವುದು ಅವಳ ಕೆಲಸ. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದಿರಲೇಬೇಕು. ಆ ಹೆಸರು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಊರಿಗೆಲ್ಲ ಸ್ಟ್ಯಾಂಡಮ್ಮ ಆದಳು. ತಮ್ಮನಿಗೆ ಮಾತ್ರ ಅಕ್ಕ.

ಸ್ಟ್ಯಾಂಡು ಹಿಡಿದವನು ಅವಳ ಗಂಡ. ಅವನಿಗೆ ಸಿನಿಮಾ ಹುಚ್ಚು. ಪುಕ್ಕಟೆ ನೋಡಬಹುದೆಂಬ ಒಂದೇ ಆಸೆಗೆ ಎದುರಿನ ಹಿಟ್ಟಿನ ಗಿರಣಿಯ ಕೆಲಸ ಬಿಟ್ಟು ಬಂದ. ಬಂದ ವಾರದಿಂದಲೇ ತಾನು ಒಳಗೆ ಕೂತ, ಹೆಂಡತಿಯನ್ನು ಹೊರಗೆ ನಿಲ್ಲಿಸಿದ. ಹೀಗೆ ಗಂಡ ಸಿನಿಮಾ ನೋಡುವುದಕ್ಕೆಂದು ಸ್ಟ್ಯಾಂಡು ಹಿಡಿದ, ಹೆಂಡತಿ ಸ್ಟ್ಯಾಂಡು ನೋಡುವುದಕ್ಕೆಂದು ಸಿನಿಮಾ ಬಿಟ್ಟಳು. ಅವನ ಪ್ರಾಣ ಹೋದದ್ದೂ ಥಿಯೇಟರಿನೊಳಗೇ, ಇಂಟರ್ವಲ್ ಮುಗಿದ ಮೇಲೆ. ಸಮಾಧಾನ ಹೇಳಲು ಬಂದವರೊಬ್ಬರು ಸಿನಿಮಾ ಅಷ್ಟು ಕೆಟ್ಟದಾಗಿತ್ತೇ ಎಂದು ಬಾಯಿತಪ್ಪಿ ಕೇಳಿದಾಗ, "ಛೇ, ಇಲ್ಲಪ್ಪ. ಅದು ನೂರು ದಿನ ಓಡ್ತು," ಎಂದು ಸತ್ಯವನ್ನೇ ಹೇಳಿದಳು. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಒಂದು ಖಾಕಿ ಕೋಟು. ಅದರ ತುಂಬ ಜೇಬುಗಳು. ಟೋಕನ್ ಹಾಕಿಕೊಳ್ಳಲು ಅಂಥದ್ದು ಇನ್ನೊಂದು ಸಿಕ್ಕುವುದಿಲ್ಲವೆಂದು ಅವಳು ಅದನ್ನೇ ತೊಟ್ಟಳು.

ಅಂಗಳವೆಂದರೆ ದೊಡ್ಡದೇನಲ್ಲ. ಒಂದು ಕಡೆ ಥಿಯೇಟರಿನ ಗೋಡೆ, ಇನ್ನೊಂದು ಕಡೆ ಪಕ್ಕದ ಉಗ್ರಾಣದ ಗೋಡೆ, ಹಿಂದುಗಡೆ ಹಳೆಯ ಕುರ್ಚಿಗಳ ರಾಶಿ, ಮುಂದೆ ಬೀದಿಗೆ ತೆರೆಯುವ ಒಂದೇ ಗೇಟು. ಇಷ್ಟರೊಳಗೆ ಗಾಡಿಗಳನ್ನು ತುಂಬಲು ಸ್ಟ್ಯಾಂಡಮ್ಮನಿಗೆ ಎರಡು ರೀತಿ ಗೊತ್ತಿತ್ತು. ಒಂದು ಗಟ್ಟಿ ಜೋಡಣೆ. ಹಿಂದಿನ ರಾಶಿಯಿಂದ ಶುರುಮಾಡಿ ಗೇಟಿನವರೆಗೆ ಹ್ಯಾಂಡಲಿನೊಳಗೆ ಹ್ಯಾಂಡಲು ಸಿಕ್ಕಿಸಿ ನಿಲ್ಲಿಸಿದರೆ ನಡುವೆ ಬೆಕ್ಕು ಕೂಡ ಪಕ್ಕೆ ಸವರಿಕೊಂಡೇ ಹೋಗಬೇಕು. ಆಮೇಲೆ ಗೇಟಿನ ಕಡೆಯವು ಹೊರಡದೆ ಹಿಂದಿನವು ಅಲುಗಾಡುವಂತಿಲ್ಲ. ಜನ ಕೊನೆಯವರೆಗೆ ಕೂತು ಒಟ್ಟಿಗೆ ಏಳುವ ಸಿನಿಮಾಗಳಿಗೆ ಇದು ಸರಿ. ಇನ್ನೊಂದು, ನಡುವೆ ಓಣಿ ಬಿಡುವುದು. ಗಾಡಿ ಕಡಿಮೆ ಹಿಡಿಯುತ್ತದೆ, ಆದರೆ ಯಾರು ಯಾವಾಗ ಎದ್ದು ಬಂದರೂ ತಮ್ಮ ಗಾಡಿ ಎಳೆದುಕೊಂಡು ಹೋಗಬಹುದು. ಸಿನಿಮಾ ಎಂಥದೆಂದು ತಿಳಿಯಬೇಕಾದರೆ ಬೀದಿಯ ಜನ ಪೋಸ್ಟರ್ ನೋಡುತ್ತಿರಲಿಲ್ಲ, ಅಂಗಳಕ್ಕೆ ಇಣುಕುತ್ತಿದ್ದರು. ಓಣಿ ಕಂಡರೆ ಹಾಗೇ ಮುಂದೆ ಹೋಗುತ್ತಿದ್ದರು.

ಅವಳದೊಂದು ಕಟ್ಟುನಿಟ್ಟು ಇತ್ತು. ಹೊಸ ಸಿನಿಮಾದ ಮೊದಲ ಆಟಕ್ಕೆ ಓಣಿ ಬಿಡಲೇಬೇಕು. ಯಾವ ದೊಡ್ಡ ನಟನದಾಗಲಿ, ಮೆರವಣಿಗೆ ಮಾಡಿಕೊಂಡು ಬರಲಿ, ಮೊದಲು ಓಣಿ. ಜನ ಕೂತಿದ್ದನ್ನು ಕಣ್ಣಾರೆ ಕಂಡ ಮೇಲೆ ಎರಡನೆಯ ಆಟಕ್ಕೆ ಗಟ್ಟಿ ಮಾಡಿದರಾಯಿತು. ಒಮ್ಮೆ ಯಾರೋ ನಾಯಕನಟನ ಅಭಿಮಾನಿಗಳು ಬಂದು, "ನಮ್ಮಣ್ಣನ ಸಿನಿಮಾಕ್ಕೂ ಓಣಿನಾ?" ಎಂದು ತೋಳು ಮಡಿಸಿದ್ದರು. "ನಿಮ್ಮಣ್ಣ ಕೆಟ್ಟೋನಲ್ಲಪ್ಪ. ಕತೆ ಬರೆದೋನು ಯಾರು ಅಂತ ನನಗೆ ಗೊತ್ತಿಲ್ಲ," ಎಂದು ಅವರ ಗಾಡಿಗಳನ್ನೂ ಓಣಿಯ ಅಂಚಿಗೇ ನಿಲ್ಲಿಸಿದಳು. ಇಂಟರ್ವಲ್ಲಿಗೆ ಅವೇ ಮೊದಲು ಹೊರಟವು.

ನಡುವೆ ಎದ್ದು ಬಂದವರು ಸಿನಿಮಾ ಕೆಟ್ಟದಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿದ್ದೇ ಅಪರೂಪ. ತಾವೇ ಆರಿಸಿಕೊಂಡು, ಹೆಂಡತಿ ಮಕ್ಕಳನ್ನು ಸಿಂಗರಿಸಿ ಕರೆತಂದ ಸಿನಿಮಾ. ಒಪ್ಪಿಕೊಂಡರೆ ಮರ್ಯಾದೆ ಏನಾಗಬೇಕು? ಆದ್ದರಿಂದ ಒಬ್ಬರಿಗೆ ತಲೆನೋವು. ಒಬ್ಬರಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ. ಒಬ್ಬರ ಅತ್ತೆಗೆ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ. ಆ ಅತ್ತೆ ಪಕ್ಕದಲ್ಲೇ ನಿಂತು ಹೂಂಗುಟ್ಟುತ್ತಿರುತ್ತಾಳೆ. ಹಲ್ಲಿನ ಡಾಕ್ಟರು ಒಬ್ಬರಿದ್ದರು. ಹೊಸ ಸಿನಿಮಾ ತಪ್ಪಿಸುತ್ತಿರಲಿಲ್ಲ. ಅವರು ಯಾವಾಗಲೂ, "ಎಮರ್ಜೆನ್ಸಿ ಬಂತಮ್ಮ," ಎನ್ನುತ್ತಿದ್ದರು. ಕೆಟ್ಟ ಸಿನಿಮಾ ಬಂದ ವಾರವೇ ಊರಿನವರ ಹಲ್ಲೆಲ್ಲ ಒಟ್ಟಿಗೆ ನೋಯುವುದೇಕೆಂದು ಸ್ಟ್ಯಾಂಡಮ್ಮ ಕೇಳುತ್ತಿರಲಿಲ್ಲ. "ಪಾಪ, ಬೇಗ ಹೋಗಿ," ಎಂದು ಗಾಡಿ ಎಳೆದು ಕೊಡುತ್ತಿದ್ದಳು. ನಿಜ ಹೇಳುತ್ತಿದ್ದವರು ನಿವೃತ್ತರಾದ ಲೆಕ್ಕದ ಮೇಷ್ಟ್ರು ಒಬ್ಬರೇ. ಸೈಕಲ್ ಬಿಡಿಸಿಕೊಳ್ಳುತ್ತ, "ದರಿದ್ರ," ಎಂದಷ್ಟೇ ಹೇಳಿ ಪೆಡಲ್ ತುಳಿಯುತ್ತಿದ್ದರು.

ತಮ್ಮನಿಗೆ ಮುಖ್ಯ ಬೀದಿಯ ಮೂಲೆಯಲ್ಲಿ ಫೋಟೋ ಸ್ಟುಡಿಯೋ. ಮದುವೆಗೆ ವಿಡಿಯೋ ತೆಗೆಯುತ್ತಿದ್ದ; ಉಳಿದ ದಿನ ಪಾಸ್‌ಪೋರ್ಟ್ ಫೋಟೋ. ಫೋಟೋಗಳನ್ನು ತಿದ್ದಿ, ಗಲ್ಲದ ಮಚ್ಚೆ ಅಳಿಸಿ, ಮುಖಕ್ಕೆ ಬೆಳಕು ಹಚ್ಚಿ, ಗಿರಾಕಿಗಳು ತಮ್ಮನ್ನು ತಾವೇ ಗುರುತಿಸದಷ್ಟು ಚೆಂದ ಮಾಡಿಕೊಡುತ್ತಿದ್ದವಳು ಅವನ ಹೆಂಡತಿ. ಅವನ ಮನೆ ನಡೆಯುತ್ತಿದ್ದುದು ಆ ಮಚ್ಚೆಗಳ ಮೇಲೇ. ಆದರೆ ಮದುವೆಯ ವಿಡಿಯೋಗಳಲ್ಲಿ ಮದುಮಕ್ಕಳನ್ನು ಗುಲಾಬಿಯೊಳಗಿಂದ ಹಾರಿಸಿ, ನಿಧಾನವಾಗಿ ನಡೆಸಿ, ತಲೆ ತಿರುಗಿಸಿ ನಗಿಸಿ, ಅವನಿಗೆ ತಾನೊಬ್ಬ ನಿರ್ದೇಶಕನೆಂಬ ಭ್ರಮೆ ಹತ್ತಿಬಿಟ್ಟಿತ್ತು. ಕೊನೆಗೊಂದು ದಿನ ಗೆಳೆಯರನ್ನು ಸೇರಿಸಿಕೊಂಡು ಸಿನಿಮಾ ಮಾಡಿಯೇಬಿಟ್ಟ. ಅದಕ್ಕೆ ಹೆಸರು "ಒಂದು ಕಿಟಕಿಯ ಆತ್ಮಕಥೆ."

"ಕಿಟಕಿಗೆಂಥಾ ಆತ್ಮವೋ?" ಎಂದಳು ಸ್ಟ್ಯಾಂಡಮ್ಮ.

"ಅದೇ ಅಕ್ಕ ಇರೋದು ಇದ್ರಲ್ಲಿ. ನಿನಗೆ ನಿಧಾನಕ್ಕೆ ಅರ್ಥ ಆಗುತ್ತೆ."

"ಜನಕ್ಕೆ?"

"ಜನ ಬೆಳೀಬೇಕು."

ಇಷ್ಟರಲ್ಲೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸ್ಟುಡಿಯೋದ ಜಾಗದ ಮೇಲೆ ಮೊಬೈಲ್ ಅಂಗಡಿಯವನೊಬ್ಬನ ಕಣ್ಣು ಬಿದ್ದಿತ್ತು. ಮೂಲೆ ಜಾಗ, ಎರಡು ಬೀದಿಗೂ ಕಾಣುತ್ತದೆ. ಬಿಟ್ಟುಕೊಡುತ್ತೀಯೋ ಇಲ್ಲವೋ ಎಂದು ತಮ್ಮನ ಬೆನ್ನು ಹತ್ತಿದ್ದ. ತಮ್ಮ ಅವನಿಗೆ ಮಾತು ಕೊಟ್ಟುಬಿಟ್ಟ: ಶುಕ್ರವಾರ ಸಿನಿಮಾ ತೆರೆಗೆ ಬರುತ್ತದೆ, ಜನ ಕೊನೆಯವರೆಗೆ ಕೂತರೆ ಅವತ್ತೇ ಸ್ಟುಡಿಯೋ ನಿನ್ನದು, ನಾನು ಮುಂದಿನ ಸಿನಿಮಾಕ್ಕೆ ಹೊರಟೆ. ಎದ್ದು ಹೋದರೆ ನಾನು ನನ್ನ ಕ್ಯಾಮೆರಾದ ಹಿಂದೆ, ನೀನು ಬೇರೆ ಮೂಲೆ ಹುಡುಕಿಕೋ.

ತಮ್ಮನ ಹೆಂಡತಿ ಇದನ್ನು ಹೇಳಲೆಂದೇ ಅಂಗಳಕ್ಕೆ ಬಂದಳು. ಅಳುವ ಹೆಂಗಸಲ್ಲ ಅವಳು. ಸಿಟ್ಟು ಬಂದರೆ ಉಗುರು ನೋಡಿಕೊಳ್ಳುತ್ತಾಳೆ. "ಅತ್ತಿಗೆ, ಆ ಸಿನಿಮಾನ ನಾನು ಕೂತು ಪೂರ್ತಿ ನೋಡಿದೀನಿ. ಕೆಲಸ ಅಂತ ನೋಡಿದೀನಿ. ಹೀರೋ ಮೂಗಿನ ಪಕ್ಕ ಒಂದು ಮಚ್ಚೆ ಇದೆ. ಅರ್ಧ ಸಿನಿಮಾದಲ್ಲಿ ಅಳಿಸೋ ಹೊತ್ತಿಗೆ ನನಗೆ ನಿದ್ದೆ ಬಂತು. ಹಂಗಾಗಿ ಮಚ್ಚೆ ಬರುತ್ತೆ, ಹೋಗುತ್ತೆ. ಇವ್ರಿಗೆ ಹೇಳಿದ್ರೆ, ಇರಲಿ ಬಿಡು, ಅದೂ ಒಂದು ಅರ್ಥ ಕೊಡುತ್ತೆ ಅಂದ್ರು."

"ಸ್ಟುಡಿಯೋ ಹೋಗಲ್ಲ ಬಿಡು," ಎಂದಳು ಸ್ಟ್ಯಾಂಡಮ್ಮ. "ಜನ ಇದಾರಲ್ಲ. ಎದ್ದು ಬರ್ತಾರೆ." ಇಷ್ಟು ವರ್ಷದ ಕೆಲಸದಲ್ಲಿ ಜನರ ಮೇಲೆ ಅವಳಿಗೆ ಅಷ್ಟು ನಂಬಿಕೆ ಹುಟ್ಟಿತ್ತು.

ಗುರುವಾರ ಸಂಜೆ ತಮ್ಮ ಬಂದ. ಗೇಟಿಗೆ ಒರಗಿ ನಿಂತು ಒಂದಷ್ಟು ಹೊತ್ತು ಟೋಕನ್‌ಗಳನ್ನು ಗಿಲಿಗಿಲಿ ಆಡಿಸಿದ.

"ಅಕ್ಕ, ನಾಳೆ ಬೆಳಗಿನ ಆಟಕ್ಕೆ ಓಣಿ ಬಿಡ್ತೀಯಾ?"

"ಮೊದಲ ಆಟ ಅಲ್ವೇನೋ? ಬಿಡದೆ?"

"ನನ್ನ ಸಿನಿಮಾಕ್ಕೂ?"

"ನಿನ್ನ ಸಿನಿಮಾಕ್ಕೆ ಎರಡು ಓಣಿ ಬಿಡಬೇಕು ಅಂತಿದ್ದೆ. ಜಾಗ ಇಲ್ಲ."

ಅವನು ನಗಲಿಲ್ಲ. "ಊರೆಲ್ಲ ಅಂಗಳ ನೋಡೇ ಒಳಗೆ ಬರೋದು. ಸ್ವಂತ ಅಕ್ಕನೇ ಓಣಿ ಬಿಟ್ಟವಳೆ ಅಂದ್ರೆ ಇನ್ಯಾರು ಕೂತ್ಕೋತಾರೆ? ನಿನ್ನ ಹತ್ರ ನಾನೇನೂ ಕೇಳಿದವನಲ್ಲ. ಇದೊಂದು ಕೇಳ್ತಿದೀನಿ."

ಇದು ಸುಳ್ಳು. ಬುದ್ಧಿ ಬಂದಾಗಿನಿಂದ ಅವನು ಕೇಳುತ್ತಲೇ ಇದ್ದ. ಅವಳ ಪಾಲಿನ ಬನ್ನಿನಿಂದ ಹಿಡಿದು ಮೊದಲ ಕ್ಯಾಮೆರಾದವರೆಗೆ. ಆದರೆ ಕೇಳುವಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು, ಅವತ್ತೂ ಆಗಿತ್ತು. ಸ್ಟ್ಯಾಂಡಮ್ಮ "ನೋಡೋಣ ನಡಿ," ಎಂದಳು. ಹಾಗೆಂದರೆ ಆಯಿತು ಎಂದೇ ಅರ್ಥವೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ನಿರೀಕ್ಷಿಸಿದ್ದಕ್ಕಿಂತ ಜನ ಬಂದರು. ತಮ್ಮ ವಿಡಿಯೋ ತೆಗೆದ ಮದುವೆಗಳ ದಂಪತಿಗಳು ಬಂದರು. ಅವರಲ್ಲಿ ಇನ್ನೂ ಮಾತಾಡಿಕೊಂಡಿದ್ದವರು ಜೊತೆಯಾಗಿ, ಉಳಿದವರು ಬೇರೆಬೇರೆಯಾಗಿ. ಗುಂಪಿನ ದೃಶ್ಯದಲ್ಲಿ ತಾವಿದ್ದೇವೆಂದು ನಂಬಿದವರೆಲ್ಲ ಮನೆಮಂದಿಯನ್ನು ಕಟ್ಟಿಕೊಂಡು ಬಂದರು. ಹಲ್ಲಿನ ಡಾಕ್ಟರು ಬಂದರು, ಮೇಷ್ಟ್ರು ಬಂದರು. ಸ್ಟ್ಯಾಂಡಮ್ಮ ಹಲ್ಲು ಕಚ್ಚಿಕೊಂಡು ಹಿಂದಿನ ಕುರ್ಚಿರಾಶಿಯಿಂದ ಗಟ್ಟಿ ಜೋಡಣೆ ಶುರುಮಾಡಿದಳು. ಮೇಷ್ಟ್ರ ಸೈಕಲ್ಲು ಮೂಲೆಗೆ ಹೋಯಿತು, ಡಾಕ್ಟರ ಸ್ಕೂಟರು ಅದರ ಪಕ್ಕಕ್ಕೆ. ಕೊನೆಗೆ ಓಡೋಡಿ ಬಂದ ತಮ್ಮನ ಗೆಳೆಯರ ಬೈಕುಗಳು ಗೇಟಿಗೆ ಅಡ್ಡ ನಿಂತವು. ತಮ್ಮ ಒಮ್ಮೆ ಬಂದು ನೋಡಿದ. ಅಂಗಳ ಗೋಡೆಯಿಂದ ಗೋಡೆಗೆ ಬಿಗಿದುಕೊಂಡಿತ್ತು. ಅವನ ಎದೆ ಉಬ್ಬಿತು. ಗೆಳೆಯರೊಂದಿಗೆ ಒಳಗೆ ಹೋಗಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂತ.

ಡಾಕ್ಟರು ಹೊರಗೆ ಬಂದಾಗ ಕಡಲೆಕಾಯಿ ಮಾರುವವನು ಇನ್ನೂ ಬುಟ್ಟಿ ಬಿಚ್ಚಿರಲಿಲ್ಲ.

"ಎಮರ್ಜೆನ್ಸಿ ಬಂತಮ್ಮ."

"ಗಾಡಿ ಮೂಲೇಲಿದೆ ಡಾಕ್ಟ್ರೇ. ತೆಗೆಯೋಕಾಗಲ್ಲ."

"ಆಗಲ್ಲ ಅಂದ್ರೆ? ಮುಂದಿನವನ್ನ ಬೀದಿಗಿಡಿ."

ಬೀದಿಯಲ್ಲಿ ಗಿರಣಿಯ ಲಾರಿ ಗೇಟಿನುದ್ದಕ್ಕೂ ನಿಂತು ಮೂಟೆ ಇಳಿಸುತ್ತಿತ್ತು. ಡಾಕ್ಟರು ಲಾರಿ ನೋಡಿದರು, ಅಂಗಳ ನೋಡಿದರು, ತಲೆ ಸುಡುವ ಬಿಸಿಲು ನೋಡಿದರು. ಒಳಗಾದರೂ ಫ್ಯಾನ್ ಇತ್ತು. ಹಲ್ಲು ನೋಯುತ್ತಿರುವ ಪಾಪದ ರೋಗಿಯನ್ನು ಮರೆತು ಒಳಗೆ ಹೋದರು. ಅವರ ಹಿಂದೆಯೇ ತಲೆನೋವಿನವರು ಬಂದರು, ಗ್ಯಾಸಿನವರು ಬಂದರು, ಅತ್ತೆಯವರು ಅತ್ತೆಯ ಸಮೇತ ಬಂದರು. ಎಲ್ಲರಿಗೂ ಒಂದೇ ಉತ್ತರ.

"ಏನಮ್ಮ, ಯಾವತ್ತೂ ಓಣಿ ಬಿಡ್ತಿದ್ರಿ!" ಎಂದು ಅತ್ತೆ ಕೂಗಾಡಿದಳು. ಉಸಿರಾಟದ ತೊಂದರೆ ಇದ್ದವಳಿಗೆ ಗಂಟಲು ಚೆನ್ನಾಗಿತ್ತು. "ನಂಬಿ ಬಂದ್ವಲ್ಲ ನಾವು! ಓಣಿ ಇಲ್ಲ, ಒಳ್ಳೇದಿರಬೇಕು ಅಂತ ನಾನೇ ಇವ್ರನ್ನ ಎಳ್ಕೊಂಡು ಬಂದೆ!"

ಸ್ಟ್ಯಾಂಡಮ್ಮನಿಗೆ ಈ ಮಾತು ನಾಟಿತು. ಅವಳ ಅಂಗಳ ಮೊದಲ ಸಲ ಸುಳ್ಳು ಹೇಳಿತ್ತು. ಎಲ್ಲರೂ ಗೊಣಗುತ್ತ ಮತ್ತೆ ಒಳಗೆ ಹೋದರು. ಮೇಷ್ಟ್ರು ಮಾತ್ರ ಹೋಗಲಿಲ್ಲ.

"ಸೈಕಲ್ ಆಮೇಲೆ ತಗೊಂಡು ಹೋಗ್ತೀನಿ," ಎಂದರು ಪಂಚೆ ಎತ್ತಿ ಕಟ್ಟಿಕೊಳ್ಳುತ್ತ. "ಇನ್ನೊಂದು ಗಳಿಗೆ ಕೂತ್ರೆ ಆ ಕಿಟಕಿಯಿಂದ ನಾನೇ ಹಾರಿಬಿಡ್ತೀನಿ." ಬಿಸಿಲಲ್ಲೇ ನಡೆದುಹೋದರು.

ಆಟ ಮುಗಿಯುವ ಹೊತ್ತಿಗೆ ಒಳಗಿಂದ ಚಪ್ಪಾಳೆ ಕೇಳಿಸಿತು. ಸಣ್ಣದಲ್ಲ, ಗೋಡೆ ಅದುರುವ ಚಪ್ಪಾಳೆ. ಯಾರೋ ಶಿಳ್ಳೆ ಕೂಡ ಹೊಡೆದರು. ಮುಗಿಯಿತಲ್ಲ ಎಂಬ ಖುಷಿಗೆ ಜನ ಅಷ್ಟು ಮನಸಾರೆ ಚಪ್ಪಾಳೆ ತಟ್ಟಿದ್ದನ್ನು ಆ ಥಿಯೇಟರು ಕಂಡಿರಲಿಲ್ಲ. ಬಾಗಿಲು ತೆರೆದದ್ದೇ ನೂಕುನುಗ್ಗಲಾಗಿ ಹೊರಬಿದ್ದು ಗಾಡಿಗಳ ಮೇಲೆ ಮುಗಿಬಿದ್ದರು. ತಮ್ಮ ಅವರ ನಡುವೆ ಈಜಿಕೊಂಡು ಬಂದು ಅಕ್ಕನ ಎರಡೂ ಕೈ ಹಿಡಿದ.

"ನೋಡಿದ್ಯಾ ಅಕ್ಕ! ಹೊರಗೆ ಹೋದವ್ರೂ ವಾಪಸ್ ಬಂದ್ರು! ಒಬ್ಬೊಬ್ಬರೇ ಎದ್ದು ಹೋಗೋದು ಕಂಡು ನನ್ನ ಜೀವ ಹೋಗಿತ್ತು. ಗಳಿಗೆ ಬಿಟ್ಟು ನೋಡ್ತೀನಿ, ಎಲ್ಲರೂ ವಾಪಸ್! ಯಾವ ಸಿನಿಮಾಕ್ಕೆ ಹಂಗೆ ಆಗಿದೆ ಹೇಳು?"

"ಯಾವುದಕ್ಕೂ ಆಗಿಲ್ಲ," ಎಂದಳು ಸ್ಟ್ಯಾಂಡಮ್ಮ. ಅದೂ ನಿಜವೇ.

"ಮೇಷ್ಟ್ರು ಒಬ್ಬರು ಹೋದ್ರು. ವಯಸ್ಸಾಯ್ತು, ಬಿಡು."

ಅಷ್ಟರಲ್ಲಿ ಥಿಯೇಟರಿನ ಮ್ಯಾನೇಜರು ಬಂದ. ಅವನ ಮುಖದಲ್ಲೂ ಸಂತೋಷ. ಹೊರಗೆ ಹೋಗಲಾರದ ಜನ ಕ್ಯಾಂಟೀನಿನಲ್ಲಿದ್ದ ಬನ್ನು, ಬಿಸ್ಕತ್ತು, ಚಹಾ ಎಲ್ಲವನ್ನೂ ಖಾಲಿ ಮಾಡಿದ್ದರು. ತಮ್ಮ ಅತ್ತ ತಿರುಗಿದ ಕೂಡಲೇ ದನಿ ತಗ್ಗಿಸಿ, "ಅಮ್ಮಾ, ಇನ್ಮೇಲೆ ಎಲ್ಲ ಸಿನಿಮಾಕ್ಕೂ ಹಿಂಗೇ ಜೋಡಿಸಿಬಿಡಿ," ಎಂದ.

ತಮ್ಮನ ಹೆಂಡತಿ ಗೇಟಿನ ಬಳಿ ನಿಂತು ಉಗುರು ನೋಡಿಕೊಳ್ಳುತ್ತಿದ್ದಳು. "ಅತ್ತಿಗೆ, ಮೊಬೈಲಿನವನು ಮ್ಯಾಟಿನಿಗೆ ಬರ್ತಾನಂತೆ. ಬಂದ ಮೇಲೆ ಮಾತು ಮುಗಿಸಿಬಿಡ್ತೀನಿ ಅಂತಿದಾರೆ. ಜನ ಎದ್ದು ಬರ್ತಾರೆ ಅಂದ್ರಲ್ಲ ನೀವು?"

"ಬಂದ್ರಮ್ಮ. ನಾನೇ ಬಿಡಲಿಲ್ಲ."

ತಾನು ಮಾಡಿದ್ದನ್ನು ತಾನೇ ಬಿಡಿಸಬೇಕು. ಸ್ಟ್ಯಾಂಡಮ್ಮ ತಮ್ಮನನ್ನು ಹಿಂದಿನ ಕುರ್ಚಿರಾಶಿಯ ಹತ್ತಿರ ಕರೆದು ಸುತ್ತುಬಳಸಿಲ್ಲದೆ ಹೇಳಿದಳು. "ಅವ್ರು ವಾಪಸ್ ಬಂದಿದ್ದು ಗಾಡಿ ಸಿಗದೆ ಕಣೋ. ಬಿಸಿಲು ಬೇರೆ."

"ಚಪ್ಪಾಳೆ?"

"ಬಿಡುಗಡೆ ಆಯ್ತಲ್ಲ, ಅದಕ್ಕೆ."

ಅವನು ಕೆಂಪಾದ ಕಿವಿಗಳನ್ನು ಹೊತ್ತುಕೊಂಡು ಅವಳನ್ನೇ ನೋಡಿದ. "ಅಕ್ಕ, ನೀನು ಹುಟ್ಟಿದಾಗಿನಿಂದ ಒಂದು ಸಿನಿಮಾನೂ ಪೂರ್ತಿ ನೋಡಿದವಳಲ್ಲ. ನನ್ನದನ್ನಂತೂ ಕಣ್ಣೆತ್ತಿ ನೋಡಿಲ್ಲ. ಜನ ಯಾಕೆ ಕೂತ್ರು, ಯಾಕೆ ಎದ್ರು ಅಂತ ನೀನು ನನಗೆ ಹೇಳ್ತೀಯಾ? ಒಳಗೆ ಕೂತು ನೋಡು ಮೊದಲು, ಆಮೇಲೆ ಮಾತಾಡು."

ಅದು ನ್ಯಾಯವಾದ ಮಾತು. ಸ್ಟ್ಯಾಂಡಮ್ಮನಿಗೆ ನ್ಯಾಯವಾದ ಮಾತು ಎದುರಾದರೆ ಒಪ್ಪಿಕೊಳ್ಳುವ ಕೆಟ್ಟ ಅಭ್ಯಾಸವಿತ್ತು. "ಸರಿ," ಎಂದಳು. "ಮ್ಯಾಟಿನಿ ನಾನು ನೋಡ್ತೀನಿ. ಸ್ಟ್ಯಾಂಡು ನೀನು ನೋಡ್ಕೋ."

"ನಾನಾ? ನಾನು ಡೈರೆಕ್ಟರ್ ಅಕ್ಕ!"

"ನಾನೂ ಅಷ್ಟೇ, ಈ ಅಂಗಳಕ್ಕೆ. ಇಬ್ಬರೂ ಬಿಡೋಣ ಇವತ್ತು."

ಖಾಕಿ ಕೋಟು ಬಿಚ್ಚಿ ಅವನಿಗೆ ತೊಡಿಸಿದಳು. ಬೆನ್ನಿಗೆ ಸಡಿಲವಾಗಿತ್ತು, ತೋಳಿಗೆ ಗಿಡ್ಡವಾಗಿತ್ತು. ಮ್ಯಾಟಿನಿಗೆ ಬಂದ ಗಾಡಿಗಳನ್ನು ತಾನೇ ನಿಂತು ನಿಲ್ಲಿಸಿದಳು. ನಡುವೆ ಅಗಲವಾದ ಓಣಿ ಬಿಟ್ಟಳು. ತಮ್ಮ ಬಾಯಿ ತೆರೆಯುವ ಮೊದಲೇ, "ಗಟ್ಟಿ ಜೋಡಿಸಿದ್ರೆ ನಿನಗೆ ಬಿಡಿಸೋಕೆ ಬರಲ್ಲ," ಎಂದಳು. ಮೊಬೈಲ್ ಅಂಗಡಿಯವನ ಹೊಳೆಯುವ ಬೈಕಿಗೂ ಓಣಿಯ ಅಂಚಿನಲ್ಲೇ ಜಾಗವಾಯಿತು.

ಅವಳು ಹಿಂದಿನ ಸಾಲಿನಲ್ಲಿ, ಅಂಗಳಕ್ಕೆ ತೆರೆಯುವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಗಂಡ ಯಾವಾಗಲೂ ಕೂರುತ್ತಿದ್ದುದು ಅಲ್ಲೇ ಎಂದು ಕೇಳಿದ್ದಳು. ಕುರ್ಚಿಯ ಸ್ಪ್ರಿಂಗ್ ಚುಚ್ಚಿದ ಮೇಲೆ ಅವನ ಸಾವಿಗೆ ಇನ್ನೊಂದು ಕಾರಣವೂ ಇದ್ದಿರಬಹುದೆನಿಸಿತು.

ದೀಪ ಆರಿತು. ತೆರೆಯ ಮೇಲೆ ಒಂದು ಕಿಟಕಿ ಬಂತು. ಬಂದದ್ದು ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಕಿಟಕಿಯ ಮುಂದೆ ಒಬ್ಬ ಗಂಡಸಿನ ಕತ್ತಿನ ಹಿಂಭಾಗ ಬಂತು. ಕತ್ತು ತಿರುಗಿತು. ನಿಧಾನವಾಗಿ, ಮದುಮಗಳು ತಿರುಗುವ ಹಾಗೆ. ಗಲ್ಲ ಎತ್ತಿ, ಭುಜ ನೆಟ್ಟಗೆ ಮಾಡಿ, ಅವನು ನೇರವಾಗಿ ಸ್ಟ್ಯಾಂಡಮ್ಮನನ್ನೇ ನೋಡಿದ. ಪಾಸ್‌ಪೋರ್ಟ್ ಫೋಟೋಗೆ ಕೂತವರು ಹಾಗೆಯೇ ನೋಡುವುದು. "ಕಿಟಕಿ ತೆರೆದಿದೆ," ಎಂದ. "ಆದರೆ ನಾನು ತೆರೆದಿಲ್ಲ." ಮೂಗಿನ ಪಕ್ಕ ಮಚ್ಚೆ ಇತ್ತು. ಆಮೇಲೆ ಇರಲಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಆಕಳಿಕೆ ಸಾಲಿನಿಂದ ಸಾಲಿಗೆ ಹಬ್ಬಿ ಅವಳವರೆಗೂ ಬಂತು. ತೆರೆಯ ಮೇಲೆ ಪಾರಿವಾಳವೊಂದು ಕಿಟಕಿಯಲ್ಲಿ ಕೂತು ಎದ್ದುಹೋಯಿತು. ಅದರ ಬುದ್ಧಿಯನ್ನು ಸ್ಟ್ಯಾಂಡಮ್ಮ ಮೆಚ್ಚಿಕೊಂಡಳು. ಮೊದಲ ಜೋಡಿ ಎದ್ದದ್ದು ಆಗಲೇ. ಬಾಗಿಲು ತೆರೆದು ಬಿಸಿಲಿನ ಪಟ್ಟಿಯೊಂದು ಒಳಗೆ ಬಿತ್ತು. ಅದರ ಜೊತೆಗೆ ಅಂಗಳದ ಮಾತೂ ಬಿತ್ತು.

"ತಲೆನೋವು ಕಣಪ್ಪ. ಬೇಗ ತೆಗಿ."

"ಇಂಟರ್ವಲ್ ಆದ ಮೇಲೆ ಚೆನ್ನಾಗಿದೆಯಂತೆ ಸಾರ್," ಎಂಬುದು ತಮ್ಮನ ದನಿ.

"ಅಲ್ಲಿವರೆಗೆ ಯಾರಪ್ಪ ಬದುಕೋರು?"

ಖಾಕಿ ಕೋಟಿನೊಳಗಿನ ಮುಖವನ್ನು ಯಾರೂ ನೋಡುವುದಿಲ್ಲ. ಟೋಕನ್ ಹಿಡಿದ ಕೈಯನ್ನಷ್ಟೇ ನೋಡುತ್ತಾರೆ. ಇದು ಸ್ಟ್ಯಾಂಡಮ್ಮನಿಗೆ ಗೊತ್ತಿದ್ದ ವಿಷಯ. ಬಾಗಿಲು ಮುಚ್ಚಿತು, ಮತ್ತೆ ತೆರೆಯಿತು. ಅಂಗಳದ ಸಿನಿಮಾ ಒಳಗಿನದಕ್ಕಿಂತ ಚುರುಕಾಗಿ ನಡೆಯುತ್ತಿತ್ತು. ಗ್ಯಾಸ್ ಆರಿಸಲು ಮರೆತವರೊಬ್ಬರಿಗೆ ತಮ್ಮ, "ನಿಜವಾಗ್ಲೂ ಗ್ಯಾಸಾ ಅಮ್ಮ?" ಎಂದು ಕೇಳಿದ. ಆಕೆ, "ನಿನಗ್ಯಾಕಪ್ಪ, ಸಿನಿಮಾ ಮಾಡಿದವನು ನೀನಾ?" ಎಂದಳು. ಸ್ಕೂಟರ್ ಸ್ಟಾರ್ಟಾಗುವ ಸದ್ದು ಮಾತ್ರ ಬಂತು.

ಆಮೇಲೆ ಮೇಷ್ಟ್ರ ದನಿ ಕೇಳಿಸಿತು. ಸೈಕಲ್ ತೆಗೆದುಕೊಂಡು ಹೋಗಲು ಬಂದಿದ್ದರು. ಕೋಟನ್ನು ಮೀರಿ ಮುಖ ನೋಡುವವರು ಊರಿನಲ್ಲಿ ಅವರೊಬ್ಬರೇ ಇರಬೇಕು.

"ಏನಯ್ಯಾ, ನೀನಾ? ನಿನ್ನ ಸಿನಿಮಾ ಬಿಟ್ಟು ನೀನೂ ಎದ್ದು ಬಂದ್ಯಾ?"

ಬಾಗಿಲ ಬಳಿ ಕೂತಿದ್ದ ಸ್ಟ್ಯಾಂಡಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಷ್ಟು ಕೆಟ್ಟದಾಗಿದ್ಯಾ ಮೇಷ್ಟ್ರೇ?" ಎಂದು ತಮ್ಮ ಕೇಳಿದ.

"ದರಿದ್ರ," ಎಂದರು ಮೇಷ್ಟ್ರು. ಸ್ವಲ್ಪ ತಡೆದು, "ನನ್ನ ಮಗಳ ಮದುವೆ ವಿಡಿಯೋ ಚೆನ್ನಾಗಿ ತೆಗೆದಿದ್ದೆ. ಗುಲಾಬಿ ಜಾಸ್ತಿಯಾಗಿತ್ತು, ಅಷ್ಟೇ," ಎಂದು ಬೆಲ್ ಬಾರಿಸಿಕೊಂಡು ಹೋದರು.

ಇಂಟರ್ವಲ್ಲಿನಲ್ಲಿ ಎದ್ದವರು ಮತ್ತೆ ಕೂರಲಿಲ್ಲ. ಓಣಿ ಇತ್ತು, ಲಾರಿಯೂ ಹೋಗಿತ್ತು, ಯಾರಿಗೂ ಯಾರ ಹಂಗೂ ಇರಲಿಲ್ಲ. ಎರಡನೆಯ ಅರ್ಧ ಶುರುವಾದಾಗ ತೆರೆಯ ಮೇಲೆ ಅದೇ ಕಿಟಕಿ, ಈ ಸಲ ಮುಚ್ಚಿತ್ತು. ಮೊಬೈಲ್ ಅಂಗಡಿಯವನು ಮೂರನೆಯ ಸಾಲಿನಲ್ಲಿ ಮೊಬೈಲ್ ನೋಡುತ್ತ ಕೂತಿದ್ದ. ಕಿಟಕಿ ತೆರೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನಾಯಕ ಅಳತೊಡಗಿದಾಗ ಅವನೂ ಎದ್ದ. ಅವನ ಹಿಂದೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಂತೆ ಸ್ಟ್ಯಾಂಡಮ್ಮ ಕಾಲು ಅಡ್ಡ ಇಟ್ಟಳು. ಕದ್ದು ಕೇಳುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಟಿಕೆಟ್ ತೆಗೆದುಕೊಂಡು ನೋಡಬೇಕಾದದ್ದು ಒಳಗಿನದಕ್ಕಿಂತ ಹೊರಗಿನದೇ ಆಗಿದ್ದರೆ ಅವಳೇನು ಮಾಡಬೇಕು?

"ಅಯ್ಯೋ, ನೀವೇನು ಈ ವೇಷದಲ್ಲಿ?" ಎಂದ ಮೊಬೈಲಿನವನು. "ಬಹಳ ಚೆನ್ನಾಗಿದೆ ಸಿನಿಮಾ. ಜನ ಕಣ್ಣು ಮಿಟುಕಿಸದೆ ನೋಡ್ತಿದಾರೆ. ನನಗೊಂದು ಅರ್ಜೆಂಟ್ ಫೋನ್ ಬಂತು. ಹಾಗಾದ್ರೆ ಸ್ಟುಡಿಯೋ ಕೀಲಿ ಇವತ್ತೇ ಕೊಡ್ತೀರಲ್ಲ?"

ಸ್ಟ್ಯಾಂಡಮ್ಮ ಕತ್ತು ಚಾಚಿ ಸಂದಿಯಿಂದ ನೋಡಿದಳು. ತಮ್ಮ ಗಿಡ್ಡ ತೋಳಿನ ಕೋಟಿನಲ್ಲಿ ಓಣಿಯ ನಡುವೆ ನಿಂತಿದ್ದ. ಎರಡೂ ಕಡೆ ಖಾಲಿ ನೆಲ. ಗಾಡಿ ನಿಂತಲ್ಲೆಲ್ಲ ಎಣ್ಣೆಯ ಕಲೆ ಮಾತ್ರ. ಹೆಂಡತಿ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳು ಈಗ ಉಗುರು ನೋಡುತ್ತಿರಲಿಲ್ಲ.

"ಟೋಕನ್ ಕೊಡಿ," ಎಂದ ತಮ್ಮ.

"ಟೋಕನ್ನಾ? ನನ್ನ ಬೈಕ್ ಯಾವುದು ಅಂತ ನಿಮಗೇ ಗೊತ್ತಲ್ಲ?"

"ಟೋಕನ್ ಇಲ್ಲದೆ ಯಾರಿಗೂ ಗಾಡಿ ಕೊಡಲ್ಲ. ಅಕ್ಕನ ಕಟ್ಟುನಿಟ್ಟು." ಟೋಕನ್ ಇಸಿದುಕೊಂಡು, ಬೈಕ್ ತಿರುಗಿಸಿ, ಅವನ ಕೈಗೆ ಹ್ಯಾಂಡಲ್ ಕೊಟ್ಟು ಹೇಳಿದ: "ಅರ್ಧಕ್ಕೇ ಎದ್ದು ಬಂದ್ರಲ್ಲ ಸಾರ್ ನೀವೂ. ಮಾತು ಮಾತೇ. ಬೇರೆ ಮೂಲೆ ನೋಡ್ಕೊಳ್ಳಿ."

ಸ್ಟ್ಯಾಂಡಮ್ಮ ಕಾಲು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿಕೊಂಡಿತು. ಈಗ ಎದ್ದು ಹೋಗಬಹುದಿತ್ತು. ಬಂದ ಕೆಲಸ ಆಗಿತ್ತು, ಸ್ಪ್ರಿಂಗ್ ಚುಚ್ಚುತ್ತಲೇ ಇತ್ತು, ಎದ್ದು ಹೋಗಬೇಕೆಂಬ ಆಸೆ ಅವಳ ಮಂಡಿಯವರೆಗೆ ಬಂದಿತ್ತು. ಆದರೆ ನೋಡಿ ಆಮೇಲೆ ಮಾತಾಡು ಎಂದವನಿಗೆ ಸರಿ ಎಂದಿದ್ದಳು. ಅರ್ಧ ನೋಡಿ ಪೂರ್ತಿ ಬೈಯುವುದು ಅವಳ ಜಾಯಮಾನವಲ್ಲ. ಕೂತಳು. ನಿದ್ದೆ ಹೋದ ಒಬ್ಬ ಮುದುಕ ಬಿಟ್ಟರೆ ಇಡೀ ಥಿಯೇಟರಿನಲ್ಲಿ ಅವಳೊಬ್ಬಳೇ. ಕೊನೆಗೆ ಕಿಟಕಿ ತೆರೆಯಿತು. ಆಚೆ ಇನ್ನೊಂದು ಕಿಟಕಿ ಇತ್ತು.

ಹೊರಗೆ ಬಂದಾಗ ಅಂಗಳದಲ್ಲಿ ಮುದುಕನ ಸೈಕಲ್ಲು ಬಿಟ್ಟು ಏನೂ ಇರಲಿಲ್ಲ. ತಮ್ಮ ಟೋಕನ್‌ಗಳನ್ನು ಸಾಲಾಗಿ ತಂತಿಗೆ ಪೋಣಿಸುತ್ತಿದ್ದ. ತಲೆ ಎತ್ತದೆ ಕೇಳಿದ.

"ಹೇಗಿತ್ತಕ್ಕ?"

"ಕೆಟ್ಟದಾಗಿತ್ತು."

"ಪೂರ್ತಿನಾ?"

ಸ್ಟ್ಯಾಂಡಮ್ಮ ಯೋಚಿಸಿದಳು. ಸಮಾಧಾನಕ್ಕೆ ಸುಳ್ಳು ಹೇಳಿದರೆ ಬೆಳಗಿನ ಹಾಗೆ ಮತ್ತೆ ಗೇಟು ಮುಚ್ಚಿದಂತಾಗುತ್ತದೆ. "ಪಾರಿವಾಳ ಚೆನ್ನಾಗಿ ಮಾಡಿದೆ," ಎಂದಳು. "ಕಿಟಕಿ ಗಾಜು ಒರೆಸಬೇಕಿತ್ತು. ಅಷ್ಟು ಹೊತ್ತು ಅದನ್ನೇ ತೋರಿಸೋನು, ಒಂದು ಬಟ್ಟೆ ತಗೊಂಡು ಒರೆಸೋಕೇನಾಗಿತ್ತು ನಿನಗೆ?"

"ನಾನು ಹೇಳಿದ್ದೆ," ಎಂದಳು ಹೆಂಡತಿ ಸ್ಟೂಲಿನಿಂದ.

"ಧೂಳಿಗೂ ಒಂದು ಅರ್ಥ..." ಎಂದು ಶುರುಮಾಡಿದ ತಮ್ಮ, ಇಬ್ಬರ ಮುಖವನ್ನೂ ನೋಡಿ ನಿಲ್ಲಿಸಿದ. ಕಿವಿ ಇನ್ನೂ ಕೆಂಪಗಿತ್ತು. ಸಂಜೆಯ ಆಟಕ್ಕೆ ಒಂದೊಂದೇ ಗಾಡಿ ಬರತೊಡಗಿತ್ತು. ಮ್ಯಾನೇಜರು ಕಿಟಕಿಯ ಸಿನಿಮಾವನ್ನು ತೆಗೆಸಿ ಹಳೆಯದೊಂದು ಸಿನಿಮಾ ಹಾಕಿಸಿದ್ದ. ಅದನ್ನು ಊರಿನವರೆಲ್ಲ ಎಷ್ಟೋ ಸಲ ನೋಡಿ ಮುಗಿಸಿದ್ದರು, ಒಬ್ಬರೂ ಏಳುವುದಿಲ್ಲ. ಸ್ಟ್ಯಾಂಡಮ್ಮ ಕೋಟಿಗೆ ಕೈ ಚಾಚಿದಳು. ತಮ್ಮ ಕೊಡಲಿಲ್ಲ. ಬಂದ ಸ್ಕೂಟರನ್ನು ತಾನೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ಕುರ್ಚಿರಾಶಿಗೆ ತಾಗಿಸಿ ನಿಲ್ಲಿಸಿದ. ಅದರ ಹ್ಯಾಂಡಲಿಗೆ ಇನ್ನೊಂದರ ಹ್ಯಾಂಡಲು ಸಿಕ್ಕಿಸಿದ. ಕಣ್ಣು ಕಿರಿದು ಮಾಡಿ, ಕ್ಯಾಮೆರಾ ಹಿಂದೆ ನಿಂತವನ ಹಾಗೆ, ಸಾಲು ನೆಟ್ಟಗಿದೆಯೇ ಎಂದು ನೋಡಿ ಒಂದನ್ನು ಒಂಚೂರು ಎಡಕ್ಕೆ ಸರಿಸಿದ. ಸಾಲು ನೂಲು ಹಿಡಿದಂತಿತ್ತು.

"ಈ ಕೆಲಸ ನಿನಗೆ ಬರುತ್ತೆ ಕಣೋ," ಎಂದಳು ಸ್ಟ್ಯಾಂಡಮ್ಮ.

"ಆ ಕೆಲಸ?"

"ಅದು ಬರಲ್ಲ. ನಾಳೆ ಬೆಳಿಗ್ಗೆ ಬೇಗ ಸ್ಟುಡಿಯೋ ಬಾಗಿಲು ತೆಗಿ. ಕೋಟು ಕೊಡು ಇತ್ತ, ಜನ ಬರ್ತಿದಾರೆ."